ಸಭಾತ್ಯಾಗ ಮಾಡಿದ ಸಂಸದರ ಕೊಡುಗೆಯನ್ನು ಎಲ್ಲಿ ಹುಡುಕುವುದು?

ಪ್ರಶ್ನೆ: ನಾನು ಜಮಖಂಡಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. 'ಡೇಟಾ ಸಂರಕ್ಷಣಾ ಕಾನೂನಿನ ಚರ್ಚೆಯಲ್ಲಿ ಒಬ್ಬ ಸಂಸದರ ಕೊಡುಗೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕಾಗಿದೆ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ಜೈರಾಮ್ ರಮೇಶ್ ಅವರನ್ನು ಆರಿಸಿಕೊಂಡೆ. ಈಗ ಫಜೀತಿಯಾಗಿದೆ. 2023ರಲ್ಲಿ ಮಸೂದೆ ಪಾಸಾದಾಗ ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಸಭಾತ್ಯಾಗ ಮಾಡಿದ್ದರು, ಎಲ್ಲ ಧ್ವನಿಮತದಲ್ಲೇ ಮುಗಿಯಿತು. ಸದನದಲ್ಲೇ ಇಲ್ಲದವರ ಕೊಡುಗೆ ಅಂತ ಏನು ಬರೆಯಲಿ? ವಿಷಯ ಬದಲಿಸಲೇ?

ಉತ್ತರ: ಬದಲಿಸಬೇಡಿ. ಬರೆಯುವುದಕ್ಕೆ ಬೇಕಾದಷ್ಟಿದೆ. ನೀವು ತಪ್ಪು ತಾರೀಖಿನ ಕಡತ ತೆಗೆದು ಕೂತಿದ್ದೀರಿ, ಅಷ್ಟೇ.

2023ರ ಆಗಸ್ಟ್ 3ರಂದು ಮಂಡನೆ, 7ರಂದು ಲೋಕಸಭೆ, 9ರಂದು ರಾಜ್ಯಸಭೆ, 11ರಂದು ರಾಷ್ಟ್ರಪತಿಗಳ ಅಂಕಿತ. ಮಣಿಪುರದ ವಿಷಯಕ್ಕೆ ಎರಡೂ ಸದನಗಳು ಕುದಿಯುತ್ತಿದ್ದ ಹೊತ್ತಿನಲ್ಲಿ 44 ಕಲಂಗಳ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂಬತ್ತು ದಿನದಲ್ಲಿ ಸಿದ್ಧವಾಯಿತು. ಮಂಡನೆಯ ಹಂತದಲ್ಲೇ ಮನೀಶ್ ತಿವಾರಿ, ಶಶಿ ತರೂರ್, ಅಸಾದುದ್ದೀನ್ ಓವೈಸಿ ಮೊದಲಾದವರು ಎದ್ದು ಆಕ್ಷೇಪಿಸಿದರು. ಆಮೇಲಿನದೆಲ್ಲ ಘೋಷಣೆಗಳ ನಡುವೆ ನಡೆಯಿತು. ನಮ್ಮ ಸುವರ್ಣ ಸೌಧದ ಗ್ಯಾಲರಿಯಲ್ಲಿ ಚಳಿಗಾಲದ ಅಧಿವೇಶನದ ಕೊನೇ ದಿನ ಕೂತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ: ಬಾವಿಯಲ್ಲಿ ಒಂದು ಗುಂಪು ಕೂಗುತ್ತಿರುತ್ತದೆ, ಪೀಠದಿಂದ 'ಪರವಾಗಿರುವವರು ಹೌದು ಎನ್ನಿ' ಎಂಬ ದನಿ ಬರುತ್ತದೆ, ಮಸೂದೆಗಳು ಒಂದರ ಹಿಂದೊಂದು ದಾಟುತ್ತವೆ. ಅಂಥ ದಿನದ ನಡಾವಳಿಯಲ್ಲಿ ಚರ್ಚೆ ಹುಡುಕುವುದು, ಊಟ ಮುಗಿದು ಪಂಕ್ತಿ ಎದ್ದ ಮೇಲೆ ಬಂದು ಅಡುಗೆ ಹೇಗಿತ್ತು ಎಂದು ಎಲೆ ನೋಡಿದ ಹಾಗೆ.

ಧ್ವನಿಮತದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಧ್ವನಿಮತದಲ್ಲಿ ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ದಾಖಲಾಗುವುದಿಲ್ಲ. ಮತ ವಿಭಜನೆ ಕೇಳಿ, ಗುಂಡಿ ಒತ್ತಿದಾಗ ಮಾತ್ರ ಹೆಸರು ಸಮೇತ ಲೆಕ್ಕ ಸಿಗುತ್ತದೆ. ಹಾಗಾಗಿ 'ನಮ್ಮ ಸಂಸದರು ಈ ಕಾನೂನಿನ ಪರ ಮತ ಹಾಕಿದರೋ ವಿರುದ್ಧವೋ' ಎಂಬ ಸರಳ ಪ್ರಶ್ನೆಗೆ ಈ ಕಾನೂನಿನ ಮಟ್ಟಿಗೆ ದಾಖಲೆಯಲ್ಲಿ ಉತ್ತರವಿಲ್ಲ. ಪ್ರಬಂಧದಲ್ಲಿ ಯಾರ ಬಗ್ಗೆಯೂ 'ವಿರುದ್ಧ ಮತ ಚಲಾಯಿಸಿದರು' ಎಂದು ಬರೆಯಬೇಡಿ.

ಹಾಗಾದರೆ ಕೊಡುಗೆ ಎಲ್ಲಿದೆ? ನನ್ನ ಕಸುಬು ವಕೀಲಿಕೆ, ಕಾನೂನಿನ ಪದಗಳ ಜೊತೆ ಗುದ್ದಾಡುವುದೇ ದಿನದ ಕೆಲಸ. ಅದರಿಂದ ಬಂದ ಅಭ್ಯಾಸ ಒಂದಿದೆ: ಶಾಸಕ ಏನು ಮಾತಾಡಿದ ಎಂಬುದಕ್ಕಿಂತ, ಮಸೂದೆಯ ಯಾವ ಪದ ತೆಗೆಯಿರಿ, ಯಾವ ಪದ ಸೇರಿಸಿ ಎಂದು ಬರೆದುಕೊಟ್ಟ ಎಂಬುದನ್ನು ನೋಡುತ್ತೇನೆ. ಭಾಷಣಕ್ಕೆ ಚಪ್ಪಾಳೆ ಬಿದ್ದು ಹೋಗುತ್ತದೆ. ತಿದ್ದುಪಡಿ ಸೋತರೂ ಕಾಗದದಲ್ಲಿ ಉಳಿಯುತ್ತದೆ. ಮೂರು ನಾಲ್ಕು ವರ್ಷ ಬಿಟ್ಟು ಅದೇ ಪದ ಕೋರ್ಟಿನಲ್ಲಿ ಎದ್ದು ಕೂರುವುದನ್ನು ನೋಡಿದ್ದೇನೆ.

ನಿಮ್ಮ ಜೈರಾಮ್ ರಮೇಶ್ ಪ್ರಕರಣವೇ ಇದಕ್ಕೆ ಒಳ್ಳೆಯ ಉದಾಹರಣೆ. 2023 ಬಿಟ್ಟು 2016ರ ಮಾರ್ಚ್ 16ರ ರಾಜ್ಯಸಭೆಯ ನಡಾವಳಿ ತೆಗೆಯಿರಿ. ಅಂದು ಚರ್ಚೆಗೆ ಬಂದದ್ದು ಆಧಾರ್ ಮಸೂದೆ. ಸರ್ಕಾರ ಅದನ್ನು ಹಣಕಾಸು ಮಸೂದೆ ಎಂದು ತಂದಿತ್ತು. ಲೋಕಸಭೆ ಮಾರ್ಚ್ 11ರಂದೇ ಒಪ್ಪಿತ್ತು. ಹಣಕಾಸು ಮಸೂದೆ ಎಂಬ ಮುದ್ರೆ ಬಿದ್ದರೆ ರಾಜ್ಯಸಭೆಯ ಕೈ ಕಟ್ಟಿದಂತೆ. ಅದು ತಿದ್ದಲಾರದು, ತಡೆಯಲಾರದು, 14 ದಿನದೊಳಗೆ ಶಿಫಾರಸು ಮಾಡಬಹುದು ಅಷ್ಟೇ. ಆ ಶಿಫಾರಸನ್ನು ಕಸದ ಬುಟ್ಟಿಗೆ ಹಾಕುವ ಅಧಿಕಾರವೂ ಲೋಕಸಭೆಗಿದೆ.

ಇಷ್ಟು ಗೊತ್ತಿದ್ದೂ ಜೈರಾಮ್ ಐದು ತಿದ್ದುಪಡಿ ತಂದರು, ಐದನ್ನೂ ಗೆಲ್ಲಿಸಿದರು. ಆಗ ಅವರು ಆಂಧ್ರಪ್ರದೇಶದಿಂದ ಬಂದ ಸದಸ್ಯರು. ಕರ್ನಾಟಕದ ಸದಸ್ಯರಾದದ್ದು ಅದೇ ವರ್ಷದ ಜುಲೈನಿಂದ. ಇದನ್ನು ತಪ್ಪು ಮಾಡಬೇಡಿ, ಮೌಖಿಕ ಪರೀಕ್ಷೆಯಲ್ಲಿ ಹಿಡಿಯುತ್ತಾರೆ. ಬೇಡವೆನಿಸಿದವರು ಆಧಾರ್‌ನಿಂದ ಹೊರಬರಲು ದಾರಿ ಇರಲಿ. ಆಧಾರ್ ಇಲ್ಲದವರಿಗೆ ಬೇರೆ ಗುರುತಿನ ಮೇಲೆ ಸವಲತ್ತು ಸಿಗಲಿ. ಮಾಹಿತಿ ಬಹಿರಂಗಕ್ಕೆ 'ರಾಷ್ಟ್ರೀಯ ಭದ್ರತೆ' ಎಂಬ ಅಗಲವಾದ ನೆಪದ ಬದಲು 'ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆ' ಎಂಬ ಬಿಗಿಯಾದ ಪದ ಇರಲಿ. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಸರ್ಕಾರದ ಕಾರ್ಯದರ್ಶಿಗಳಷ್ಟೇ ಅಲ್ಲದೆ ಹೊರಗಿನ ಸಾಂವಿಧಾನಿಕ ಅಧಿಕಾರಿಯೂ ಇರಲಿ. ಐದನೆಯದು, ಕಲಂ 57ನ್ನು ಪೂರಾ ಕಿತ್ತುಹಾಕಿ.

ಈ 57ರ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಸರ್ಕಾರಿ ಸಬ್ಸಿಡಿಗಾಗಿ ಎಂದು ತಂದ ಸಂಖ್ಯೆಯನ್ನು ಯಾವ ಖಾಸಗಿ ಕಂಪನಿ ಬೇಕಾದರೂ, ಒಂದು ಕರಾರಿನ ಬಲದ ಮೇಲೆ, ಗುರುತಿಗಾಗಿ ಕೇಳಬಹುದು ಎಂದು ಬಾಗಿಲು ತೆರೆದ ಕಲಂ ಅದು. ಅದರ ಫಲ ನಮ್ಮ ಊರಲ್ಲೂ ಕಂಡಿದ್ದೇವೆ. ಸಿಮ್ ಬೇಕೇ, ಆಧಾರ್. ಸಾಲದ ಅರ್ಜಿಯೇ, ಆಧಾರ್. ನಮ್ಮ ಕೋರ್ಟಿನ ಎದುರಿನ ಝರಾಕ್ಸ್ ಅಂಗಡಿಯಲ್ಲಿ ಕಪ್ಪಾಗಿ ಬಂದ, ಓರೆಯಾಗಿ ಬಂದ ಆಧಾರ್ ಪ್ರತಿಗಳ ಒಂದು ರಟ್ಟಿನ ಡಬ್ಬಿ ಇರುತ್ತಿತ್ತು. ಸಂಜೆ ಅದು ರದ್ದಿಗೆ. ನಾನೊಮ್ಮೆ ಚಹಾದ ಜೊತೆ ತರಿಸಿದ ಮಿರ್ಚಿ ಭಜಿಯ ಎಣ್ಣೆ ಹೀರಿ ಕೂತ ಕಾಗದದಲ್ಲಿ ಒಬ್ಬ ಹೆಣ್ಣುಮಗಳ ಮುಖ, ಊರು, ಹುಟ್ಟಿದ ವರ್ಷ ಇದ್ದವು. ಕೊನೆಯ ನಾಲ್ಕು ಅಂಕಿ ಮಾತ್ರ ಎಣ್ಣೆಯಲ್ಲಿ ಕರಗಿದ್ದವು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಬಂದು ಮನೆಯ ಒಲೆಗೆ ಹಾಕಿದೆ. ಆಕೆಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ.

ಐದೂ ಶಿಫಾರಸುಗಳನ್ನು ಲೋಕಸಭೆ ಅದೇ ದಿನ ತಳ್ಳಿಹಾಕಿತು. ಪತ್ರಿಕೆಗಳಿಗೆ ಅಲ್ಲಿಗೆ ಕಥೆ ಮುಗಿಯಿತು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 4–1ರ ಬಹುಮತದಲ್ಲಿ ಆಧಾರ್ ಕಾನೂನನ್ನು ಎತ್ತಿಹಿಡಿಯಿತು. ಆದರೆ ಕಲಂ 57ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದ ಭಾಗವನ್ನು ರದ್ದುಮಾಡಿತು. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಮಾಹಿತಿ ಕೊಡುವ 33(2) ಇದ್ದ ರೂಪದಲ್ಲಿ ನಿಲ್ಲದು ಎಂದಿತು. ಮರುವರ್ಷ, 2019ರ ತಿದ್ದುಪಡಿ ಕಾಯ್ದೆಯಲ್ಲಿ, ಸರ್ಕಾರವೇ ಕಲಂ 57ನ್ನು ಪೂರಾ ಕೈಬಿಟ್ಟಿತು. ಮೂರು ವರ್ಷ ಹಿಂದೆ ರಾಜ್ಯಸಭೆಯ ಒಬ್ಬ ಸದಸ್ಯ ಒಂದು ಸಾಲಿನಲ್ಲಿ ಕೇಳಿದ್ದು ಅದನ್ನೇ.

ಇದನ್ನು ಬರೆಯುವಾಗ ಕೈ ಬಿಗಿ ಹಿಡಿಯಿರಿ. 'ಅವರಿಂದಾಗಿಯೇ ಕೋರ್ಟು ರದ್ದುಮಾಡಿತು' ಎಂದರೆ ಅತಿಯಾಯಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಅರ್ಜಿ ಹಾಕಿದವರು. ಅವರ ಹೆಸರಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದು. ಅವರ ಬೆನ್ನಿಗೆ ಬೇರೆ ಎಷ್ಟೋ ಅರ್ಜಿಗಳಿದ್ದವು. ಆಧಾರನ್ನು ಹಣಕಾಸು ಮಸೂದೆ ಮಾಡಿದ್ದನ್ನು ಪ್ರಶ್ನಿಸಿ ಜೈರಾಮ್ ಕೂಡ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಅಂಶದಲ್ಲಿ ಅವರ ಪರ ನಿಂತದ್ದು ನ್ಯಾ. ಡಿ.ವೈ. ಚಂದ್ರಚೂಡ್ ಅವರ ಭಿನ್ನ ತೀರ್ಪು ಮಾತ್ರ. ಹೀಗಾಗಿ ನೀವು ಹೇಳಬಹುದಾದದ್ದು ಇಷ್ಟು: ಕಾನೂನಿನ ಗಾಯ ಎಲ್ಲಿದೆ ಎಂದು ಅವರು 2016ರಲ್ಲೇ ಬೊಟ್ಟಿಟ್ಟು ತೋರಿಸಿದ್ದರು. ಅದೇನು ಸಣ್ಣ ಕೊಡುಗೆಯಲ್ಲ.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಬೇಡಿ. ಆಧಾರ್ ಪ್ರಾಧಿಕಾರ 2009ರಲ್ಲಿ ಯಾವ ಕಾನೂನಿನ ಬೆಂಬಲವೂ ಇಲ್ಲದೆ ಶುರುವಾದದ್ದು ಅವರದೇ ಪಕ್ಷದ ಸರ್ಕಾರದಲ್ಲಿ. 2010ರಲ್ಲಿ ಆ ಸರ್ಕಾರ ತಂದ ಮಸೂದೆಯನ್ನು 2011ರ ಡಿಸೆಂಬರಿನಲ್ಲಿ ತಿರಸ್ಕರಿಸಿದ ಸ್ಥಾಯಿ ಸಮಿತಿಯ ಅಧ್ಯಕ್ಷರು ಆಗಿನ ಬಿಜೆಪಿಯ ಯಶವಂತ ಸಿನ್ಹಾ. ಡೇಟಾ ಸಂರಕ್ಷಣೆಗೊಂದು ಕಾನೂನು ಮೊದಲು ಬೇಕು ಎಂಬುದು ಆ ಸಮಿತಿಯ ತಕರಾರುಗಳಲ್ಲಿ ಒಂದು. ಕುರ್ಚಿ ಬದಲಾದಾಗ ವಾದವೂ ಅದಲುಬದಲಾಗುತ್ತದೆ. ಪಕ್ಷದ ಹೆಸರು ಮರೆಮಾಡಿ ಓದಿದರೆ ಎರಡೂ ಕಾಲದ ಟಿಪ್ಪಣಿಗಳು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಎರಡನೇ ಕಡತ 2019ರದು. ಆ ಡಿಸೆಂಬರ್ 11ರಂದು ರವಿಶಂಕರ್ ಪ್ರಸಾದ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ ಮಂಡಿಸಿದರು. ಅದು 30 ಸದಸ್ಯರ ಜಂಟಿ ಸಮಿತಿಗೆ ಹೋಯಿತು. ಕರ್ನಾಟಕದ ಪ್ರತಿನಿಧಿಗಳಾಗಿ ಜೈರಾಮ್ ಜೊತೆಗೆ ಆಡಳಿತ ಪಕ್ಷದ ಕಡೆಯಿಂದ ತೇಜಸ್ವಿ ಸೂರ್ಯ, ರಾಜೀವ್ ಚಂದ್ರಶೇಖರ್ ಕೂತಿದ್ದರು. 78 ಸಭೆ, ಎರಡು ವರ್ಷ. ನಡುವೆ 2021ರ ಜುಲೈನಲ್ಲಿ ಸಮಿತಿಯ ಅಧ್ಯಕ್ಷೆ ಮೀನಾಕ್ಷಿ ಲೇಖಿ ಸೇರಿ ಹಲವರು ಮಂತ್ರಿಗಳಾದರು; ಪಿ.ಪಿ. ಚೌಧರಿ ಅಧ್ಯಕ್ಷರಾದರು. 2021ರ ಡಿಸೆಂಬರ್ 16ಕ್ಕೆ ವರದಿ ಬಂತು: 81 ತಿದ್ದುಪಡಿ, 12 ಶಿಫಾರಸು. ಎಂಟೇ ತಿಂಗಳಲ್ಲಿ, 2022ರ ಆಗಸ್ಟ್ 3ರಂದು, ಮಸೂದೆ ವಾಪಸು. ವಾಪಸು ತೆಗೆದುಕೊಂಡ ಮಂತ್ರಿ ಅಶ್ವಿನಿ ವೈಷ್ಣವ್ ಕೂಡ ಹಿಂದೆ ಅದೇ ಸಮಿತಿಯ ಸದಸ್ಯರೇ. ಸಮಿತಿಯ ಬಹುಮತ ಕಷ್ಟಪಟ್ಟು ಸೇರಿಸಿದ್ದ ವೈಯಕ್ತಿಕವಲ್ಲದ ಡೇಟಾದ ಭಾಗವೂ 2023ರ ಕಾನೂನಿನಲ್ಲಿ ಇಲ್ಲವಾಯಿತು. ಅಂದರೆ ಸಮಿತಿಯಲ್ಲಿ ಗೆದ್ದವರದೂ ಕೊನೆಗೆ ಉಳಿಯಲಿಲ್ಲ.

ಆ ವರದಿಯ ಹಿಂಬದಿಯಲ್ಲಿ ಭಿನ್ನಮತ ಟಿಪ್ಪಣಿಗಳಿವೆ. ಮನೀಶ್ ತಿವಾರಿ, ಗೌರವ್ ಗೊಗೊಯ್, ಡೆರೆಕ್ ಒಬ್ರಿಯಾನ್, ಮಹುವಾ ಮೊಯಿತ್ರಾ, ಅಮರ್ ಪಟ್ನಾಯಕ್ ಅವರವೂ ಅಲ್ಲಿವೆ. ನಿಮ್ಮ ಪ್ರಬಂಧಕ್ಕೆ ಅತ್ಯಂತ ಗಟ್ಟಿ ಆಧಾರ ಅದೇ. ಜೈರಾಮ್ ಟಿಪ್ಪಣಿ ಚಿಕ್ಕದು, ಬೈಗುಳವಿಲ್ಲ. ಸಮಿತಿ ನಡೆದ ರೀತಿಯನ್ನು ಮೆಚ್ಚಿಯೇ ಶುರುಮಾಡುತ್ತಾರೆ. ಅವರ ತಕರಾರು ಮುಖ್ಯವಾಗಿ 2019ರ ಮಸೂದೆಯ ಕಲಂ 35ರ ಮೇಲೆ. ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಯನ್ನಾದರೂ ಇಡೀ ಕಾನೂನಿನಿಂದ ಹೊರಗಿಡಬಹುದು ಎನ್ನುವ ಕಲಂ ಅದು. ಹಾಗೆ ಹೊರಗಿಡಲು ಸಂಸತ್ತಿನ ಒಪ್ಪಿಗೆ ಬೇಕು ಎಂದು ಅವರು ಕೇಳಿದ್ದರು, ಸಮಿತಿ ಒಪ್ಪಲಿಲ್ಲ. ಇನ್ನೊಂದು ಆಕ್ಷೇಪ ನನಗೆ ಬಹಳ ಹಿಡಿಸಿತು: ಹೊಸ ನಿಯಮಕ್ಕೆ ಹೊಂದಿಕೊಳ್ಳಲು ಖಾಸಗಿ ಕಂಪನಿಗಳಿಗೆ ಎರಡು ವರ್ಷದ ಗಡುವು ಇದೆ, ಸರ್ಕಾರಕ್ಕೆ ಗಡುವೇ ಇಲ್ಲವಲ್ಲ ಎಂದು. ಅಂಗಡಿಯವನಿಗೆ ತಕ್ಕಡಿ ಸರಿಮಾಡಿಕೋ ಎಂದು ನೋಟಿಸು ಕೊಟ್ಟು, ಸರ್ಕಾರಿ ಗೋದಾಮಿನ ತಕ್ಕಡಿ ಹಾಗೇ ಬಿಟ್ಟಂತೆ.

ಕಲಂ 35ರ ಪದಗಳು ಹೇಗೆ ಸವೆದವು ಎಂಬುದನ್ನು ಒಂದು ಪುಟದಲ್ಲಿ ಪಕ್ಕಪಕ್ಕ ಬರೆದು ತೋರಿಸಿ, ಪ್ರಬಂಧಕ್ಕೆ ಅದೇ ಬೆನ್ನೆಲುಬಾಗುತ್ತದೆ. 2018ರ ನ್ಯಾ. ಬಿ.ಎನ್. ಶ್ರೀಕೃಷ್ಣ ಸಮಿತಿಯ ಕರಡಿನಲ್ಲಿ ವಿನಾಯಿತಿಗೆ ಸಂಸತ್ತು ಮಾಡಿದ ಕಾನೂನು ಬೇಕಿತ್ತು, ಅದು ಅಗತ್ಯವೂ ಪ್ರಮಾಣಕ್ಕೆ ತಕ್ಕದ್ದೂ ಆಗಿರಬೇಕಿತ್ತು. 2019ರ ಮಸೂದೆಯಲ್ಲಿ 'ಅಗತ್ಯ ಅಥವಾ ಸೂಕ್ತ' ಎಂದು ಸರ್ಕಾರಕ್ಕೆ ಅನಿಸಿದರೆ ಸಾಕು. ಆ 'ಅಥವಾ' ಇದೆಯಲ್ಲ, ಇಡೀ ಕಲಂ ನಿಂತಿರುವುದೇ ಅದರ ಮೇಲೆ. ಜಂಟಿ ಸಮಿತಿ ವಿನಾಯಿತಿಯನ್ನು ಮುಟ್ಟದೆ, ಅನುಸರಿಸುವ ಕ್ರಮ 'ನ್ಯಾಯಯುತ, ಸಮಂಜಸ, ಪ್ರಮಾಣಬದ್ಧ' ಆಗಿರಲಿ ಎಂಬ ವಿವರಣೆ ಸೇರಿಸಿತು. 2023ರ ಕಾಯ್ದೆಯ 17(2)ಕ್ಕೆ ಬನ್ನಿ: ಸರ್ಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆಗೆ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕಾನೂನೇ ಅನ್ವಯಿಸದು. ಆ ವಿವರಣೆಯೂ ಹೋಗಿದೆ.

ಸೋತ ಟಿಪ್ಪಣಿಗೆ ಬೆಲೆ ಏನು ಎಂದು ನಿಮ್ಮ ಮಾರ್ಗದರ್ಶಕರು ಕೇಳಬಹುದು. 2018ರಲ್ಲಿ ಕಲ್ಪನಾ ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಂಸದೀಯ ಸಮಿತಿಯ ವರದಿಗಳನ್ನು ನ್ಯಾಯಾಲಯ ನೋಡಬಹುದು, ಕಾನೂನಿನ ಅರ್ಥ ಬಿಡಿಸಲು ಬಳಸಬಹುದು ಎಂದಿದೆ. ನಮ್ಮಂಥ ವಕೀಲರಿಗೆ ಅಷ್ಟು ಸಾಕು.

ಇನ್ನು ಖಾಸಗಿ ಸದಸ್ಯರ ಮಸೂದೆಗಳು. 2017ರಲ್ಲಿ ಬೈಜಯಂತ್ ಪಾಂಡಾ, ಶಶಿ ತರೂರ್ ಇಬ್ಬರೂ ಡೇಟಾ ಖಾಸಗಿತನಕ್ಕೆ ತಮ್ಮದೇ ಮಸೂದೆ ತಂದಿದ್ದರು. ಸ್ವಾತಂತ್ರ್ಯ ಬಂದಾಗಿನಿಂದ ಪಾಸಾದ ಖಾಸಗಿ ಮಸೂದೆ 14, ಕೊನೆಯದು 1970ರಲ್ಲಿ. ಅಡಿಟಿಪ್ಪಣಿಗೆ ಸಾಕು, ಅಧ್ಯಾಯ ಬೇಡ.

ದಾಖಲೆ ಹುಡುಕುವುದು ಕಷ್ಟವಿಲ್ಲ. ಸಂಸತ್ತಿನ ಜಾಲತಾಣದಲ್ಲಿ ಎರಡೂ ಸದನಗಳ ನಡಾವಳಿ, ಸಮಿತಿ ವರದಿ, ಪ್ರಶ್ನೋತ್ತರ ಎಲ್ಲ ಇದೆ. ಸದಸ್ಯರ ಹೆಸರಿನ ಮೇಲೆ ಹುಡುಕಿ, ಆಮೇಲೆ ತಾರೀಖಿನ ಮೇಲೆ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ನಿಮ್ಮ ಭಾಗದ ಸಂಸದರು ಈ ವಿಷಯದಲ್ಲಿ ಏನು ಕೇಳಿದ್ದಾರೆ ಎಂದು ಒಂದು ಪುಟ ಸೇರಿಸಿದರೆ ಚೆಂದ. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರ, ನಾಲ್ಕೂ ಕ್ಷೇತ್ರ ನೋಡಿ. ಖಾನಾಪುರ, ಕಿತ್ತೂರಿನವರು ಬೆಳಗಾವಿ ಜಿಲ್ಲೆಯವರಾದರೂ ಅವರ ಸಂಸದರನ್ನು ಉತ್ತರ ಕನ್ನಡದಲ್ಲಿ ಹುಡುಕಬೇಕು.

ಕೊನೆಯದಾಗಿ 2023ರ ಕಾಯ್ದೆಯ ಕಲಂ 44(3). ಇದನ್ನು ಬಿಟ್ಟರೆ ನಿಮ್ಮ ಪ್ರಬಂಧ ದೆಹಲಿಯಲ್ಲೇ ಉಳಿಯುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಮೊದಲು ಉದ್ದವಾಗಿತ್ತು. ವೈಯಕ್ತಿಕ ಮಾಹಿತಿ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ್ದಾದರೆ, ಅಥವಾ ಕೊಟ್ಟರೆ ವಿನಾಕಾರಣ ಒಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವುದಾದರೆ, ನಿರಾಕರಿಸಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬೇಕು. ಜೊತೆಗೆ ಒಂದು ಪರಂತುಕ: ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಶಾಸಕನನ್ನೂ ಸಾಮಾನ್ಯನನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದ ಸಾಲು ಅದು. 44(3) ಎಲ್ಲವನ್ನೂ ಅಳಿಸಿ, ಇಂಗ್ಲಿಷಿನ ಆರು ಪದ ಉಳಿಸಿತು: 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ'. 2025ರ ನವೆಂಬರಿನಲ್ಲಿ ನಿಯಮಗಳು ಬಂದಾಗ ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಈ ತಿದ್ದುಪಡಿ ಮಾತ್ರ ಆಗಲೇ ಜಾರಿಗೆ ಬಂತು. ಇದನ್ನು ಕೈಬಿಡಿ ಎಂದು ಜೈರಾಮ್ 2025ರ ಮಾರ್ಚಿನಲ್ಲಿ ಮಂತ್ರಿಗಳಿಗೆ ಪತ್ರ ಬರೆದದ್ದೂ ನಿಮ್ಮ ವಿಷಯದೊಳಗೇ ಬರುತ್ತದೆ. ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾದ ಮಾಹಿತಿಗೆ ಇದರಿಂದ ಅಡ್ಡಿಯಿಲ್ಲ ಎಂಬುದು ಸರ್ಕಾರದ ವಾದ; ಅದನ್ನೂ ಬರೆಯಿರಿ.

ಆ ವಾದ ಕಾಗದದ ಮೇಲೆ ಸುಳ್ಳಲ್ಲ. ಆದರೆ ಮೊನ್ನೆ ಮೂಡಲಗಿ ಕಡೆಯ ಒಬ್ಬ ಹಿರಿಯರು ಒಂದು ಪಂಚಾಯಿತಿಯ ಹಿಂಬರಹ ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ಉದ್ಯೋಗ ಖಾತ್ರಿ ಕೆಲಸದ ಹಾಜರಿ ಪಟ್ಟಿ ಕೇಳಿದ್ದರಂತೆ. ನಾಲ್ಕು ಮಡಿಕೆಯ ಕಾಗದ, ಕೆಳಗೆ ಗೋಲ ಮುದ್ರೆ, ಮಧ್ಯೆ ಒಂದೇ ಸಾಲು: 'ಕೋರಿರುವ ಮಾಹಿತಿಯು ವೈಯಕ್ತಿಕವಾಗಿರುವುದರಿಂದ ನೀಡಲು ಅವಕಾಶವಿರುವುದಿಲ್ಲ.'

"ವಕೀಲ್ರ, ನಾ ಯಾರ ಮನಿ ವಿಷಯಾನೂ ಕೇಳಿಲ್ರೀ. ಕೆಲಸಕ್ಕ ಬಂದವರ ಹೆಸರು ಕೇಳೀನಿ. ಸತ್ತವರದೂ ಹಾಜರಿ ಬಿದ್ದೈತಿ ಅಂತ ಊರಾಗ ಮಾತೈತಿ. ಸತ್ತವರಿಗೂ ಖಾಸಗಿ ಅಂತ ಇರ್ತೈತೇನ್ರೀ?"

ನಗು ಬಂತು, ಆದರೆ ಪ್ರಶ್ನೆ ಸಣ್ಣದಲ್ಲ. ಅವರ ಮೊದಲ ಮೇಲ್ಮನವಿಯಲ್ಲಿ ಎರಡು ಅಂಶ ಬರೆದೆವು. ಒಂದು, ಮಾಹಿತಿ ಹಕ್ಕು ಕಾಯ್ದೆಯ 8(2) ಇನ್ನೂ ಜೀವಂತವಾಗಿದೆ: ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು. ಎರಡು, ಕಾನೂನಿನ ಬಾಧ್ಯತೆಯ ಮೇಲೆ ಈಗಾಗಲೇ ಸಾರ್ವಜನಿಕಗೊಳಿಸಿದ ವೈಯಕ್ತಿಕ ಡೇಟಾಗೆ 2023ರ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರ ಕಲಂ 3 ತಾನೇ ಹೇಳುತ್ತದೆ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ. ವಿಚಾರಣೆಯ ನೋಟಿಸು ಇನ್ನೂ ಬಂದಿಲ್ಲ. ನಿಮ್ಮ ಪ್ರಬಂಧ ಮುಗಿಯುವುದರೊಳಗೆ ಆದೇಶ ಕೈಸೇರಿದರೆ, ಹೆಸರು ಮರೆಸಿ ಒಂದು ಪ್ರತಿ ಕಳಿಸಿಕೊಡುತ್ತೇನೆ.